ಅವಧಿ ಮುಗಿದ ಎತ್ತುಗಳು

ಕಾವಲುಗಾರನಾದವನು ಎಚ್ಚರವಾಗಿರಬೇಕು ಎನ್ನುತ್ತಾರೆ. ಆ ವಿಷಯದಲ್ಲಿ ಕಲ್ಲಯ್ಯನ ಕಡೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಕಣ್ಣು ತೆರೆದೇ ಇರುತ್ತಿದ್ದವು, ಬೆನ್ನು ನೆಟ್ಟಗಿರುತ್ತಿತ್ತು, ಮಾಲೀಕರ ಕಾರು ಬಂದರೆ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ಆದರೆ ಅಷ್ಟೂ ಹೊತ್ತು ಕಲ್ಲಯ್ಯ ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಯಲಬುರ್ಗಾ ಕಡೆಯ ಒಂದು ಕರಿಹೊಲದಲ್ಲಿ ಜೋಡಿ ಎತ್ತು ಹೂಡಿಕೊಂಡು ಸಾಲು ಹೊಡೆಯುತ್ತಿರುತ್ತಿದ್ದ.

ಇದಕ್ಕೆ ಅವನೊಬ್ಬನನ್ನೇ ದೂರಿ ಫಲವಿಲ್ಲ. ಅವನು ಕಾಯುತ್ತಿದ್ದುದು ಮಣಿಪಾಲದ ಕೈಗಾರಿಕಾ ಪ್ರದೇಶದ ಮೂಲೆಯಲ್ಲಿದ್ದ ‘ಮುಖಚಂದ್ರ ಪ್ರಾಡಕ್ಟ್ಸ್’ ಎಂಬ ಸಣ್ಣ ಫ್ಯಾಕ್ಟರಿ. ಕ್ರೀಮು, ಸಾಬೂನು, ಮುಖಕ್ಕೆ ಬಳಿದುಕೊಳ್ಳುವ ಲೇಪ, ಇವೇ ಅಲ್ಲಿಯ ಸರಕು. ಬೆಳಿಗ್ಗೆ ಎಂಟಕ್ಕೆ ಗುಲಾಬಿ, ಹತ್ತಕ್ಕೆ ಲಿಂಬೆಹುಲ್ಲು, ಊಟವಾದ ಮೇಲೆ ಶ್ರೀಗಂಧ, ಹೀಗೆ ವಾಸನೆಗಳು ಒಂದರ ಹಿಂದೊಂದು ಕಿಟಕಿಯಿಂದ ಹೊರಬಂದು ಗೇಟಿನ ಬಳಿ ಕುಳಿತುಬಿಡುತ್ತಿದ್ದವು. ಮಳೆಗಾಲದಲ್ಲಂತೂ ಮೇಲೇಳುತ್ತಲೇ ಇರಲಿಲ್ಲ. ಅಂಥ ಗಾಳಿಯಲ್ಲಿ ದಿನಕ್ಕೆ ಎಂಟು ಗಂಟೆ ಕುಳಿತ ಮನುಷ್ಯ ಕನಸು ಕಾಣದಿದ್ದರೆ ಅವನನ್ನು ಡಾಕ್ಟರಿಗೆ ತೋರಿಸಬೇಕು.

ಕನಸಿನಲ್ಲಿ ಎತ್ತೇ ಬರುವುದಕ್ಕೂ ಕಾರಣವಿತ್ತು. ಕಲ್ಲಯ್ಯನ ಅಪ್ಪ ಜೀವಮಾನವಿಡೀ ಉತ್ತದ್ದು ಊರಗೌಡರ ಎತ್ತಿನಿಂದ. ಮಗ ಹಗ್ಗ ಹಿಡಿಯುವಷ್ಟು ಎತ್ತರ ಬೆಳೆದ ವರ್ಷವೇ ಗೌಡರು ಟ್ರ್ಯಾಕ್ಟರ್ ತಂದರು. ಹಾಗಾಗಿ ನಲವತ್ತೆಂಟು ವರ್ಷದ ಕಲ್ಲಯ್ಯ ಎಚ್ಚರದಲ್ಲಿ ಒಂದು ಸಾಲನ್ನೂ ಉತ್ತವನಲ್ಲ. ಗೇಟಿನಲ್ಲಿ ಕುಳಿತು ಮಾತ್ರ ನೂರಾರು ಎಕರೆ ಹದ ಮಾಡಿದ್ದ.

ಪರ್ಕಳದಲ್ಲಿ ಬೇಬಿ ಅಕ್ಕನ ಎಂಟು ಬಾಡಿಗೆ ಕೋಣೆಗಳ ಸಾಲಿನಲ್ಲಿ ಆರನೆಯದು ಅವನದು. ಬೇಬಿ ಅಕ್ಕ ಫ್ಯಾಕ್ಟರಿ ಮಾಲೀಕ ಕರುಣಾಕರರ ಖಾಸಾ ಅಕ್ಕ. ಈ ಕೆಲಸ ಕೊಡಿಸಿದವರೂ ಅವರೇ. ಸಾಲಿನಲ್ಲಿದ್ದವರೆಲ್ಲ ಗಾರೆ, ಸೆಂಟ್ರಿಂಗ್ ಕೆಲಸಕ್ಕೆ ಬಂದ ಬಡಗಣ ಸೀಮೆಯವರು. ಅವರ ನಡುವೆ ಕಲ್ಲಯ್ಯ ತನ್ನನ್ನು ‘ಗೋಡೌನ್ ಇನ್‌ಚಾರ್ಜ್’ ಎಂದು ಹೇಳಿಕೊಳ್ಳುತ್ತಿದ್ದ. ಇದು ಪೂರಾ ಸುಳ್ಳಲ್ಲ. ಕರುಣಾಕರರು ಒಮ್ಮೆ ಊಟಕ್ಕೆ ಹೋಗುವಾಗ “ಗೋಡೌನ್ ಕಡೆ ಸ್ವಲ್ಪ ನೋಡಿಕೋ” ಎಂದಿದ್ದರು. ಆ ಊಟ ಮುಗಿದು ಎರಡು ವರ್ಷವಾಗಿತ್ತು. ಕಲ್ಲಯ್ಯನ ಮಟ್ಟಿಗೆ ಆ ನೇಮಕಾತಿ ಇನ್ನೂ ಜಾರಿಯಲ್ಲಿತ್ತು.

ಆ ಜೂನಿನಲ್ಲಿ ಫ್ಯಾಕ್ಟರಿಗೆ ಇನ್ಸ್‌ಪೆಕ್ಟರರು ಬರುವ ಸುದ್ದಿ ಬಂತು. ಗುಣಮಟ್ಟ ನೋಡಿಕೊಳ್ಳುವ ಹುಡುಗಿ ಪ್ರಣೀತಾ, ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುವವಳು, ಅವಧಿ ಮುಗಿದ ಕಚ್ಚಾವಸ್ತುಗಳ ಪಟ್ಟಿ ಹಿಡಿದುಕೊಂಡು ಗೇಟಿಗೆ ಬಂದಳು.

“ಕಲ್ಲಯ್ಯಣ್ಣ, ಇದೆಲ್ಲ ಡೇಟ್ ಮುಗಿದದ್ದು. ಹಿಂದಿನ ಗುಂಡಿಗೆ ಹಾಕಿ ಮುಚ್ಚಬೇಕು. ಒಂದು ಚಮಚವೂ ಹೊರಗೆ ಹೋಗಬಾರದು, ಆಯ್ತಾ?”

ಕಲ್ಲಯ್ಯ ಮೂಸಿ ನೋಡಿದ. ಬಾದಾಮಿ ಎಣ್ಣೆ ಹಳೇ ಬೀಗದ ವಾಸನೆ ಹೊಡೆಯುತ್ತಿತ್ತು. ಲೋಳೆಸರದ ಜೆಲ್ಲು ಚಹಾದ ಬಣ್ಣಕ್ಕೆ ತಿರುಗಿತ್ತು. ಜೇನುಮೇಣದ ಮೇಲೆ ಬೂದಿಯಂಥದ್ದು ಕೂತಿತ್ತು. ಇವನ್ನೆಲ್ಲ ಗುಂಡಿಗೆ ಹಾಕುವುದು ಅವನಿಗೂ ಸರಿಯೆನಿಸಿತು. ಕೊನೆಯಲ್ಲಿ ಎರಡು ಮೂಟೆ ಉಳಿದವು. ಒಂದರಲ್ಲಿ ಹಾಲಿನಂಥ ಬಿಳಿ ಪುಡಿ, ಇನ್ನೊಂದರಲ್ಲಿ ತಿಳಿ ಗುಲಾಬಿ ಪುಡಿ.

“ಇದೇನ್ರಿ ಮೇಡಮ್ಮಾರ?”

“ಕ್ಲೇ. ಮುಖಕ್ಕೆ ಹಚ್ಚುವ ಮಣ್ಣು. ಫ್ರಾನ್ಸಿನದ್ದು.”

“ಮಣ್ಣು?”

“ಮಣ್ಣೇ. ಮಾರ್ಚಿಗೆ ಮುಗಿಯಿತು.”

ಕಲ್ಲಯ್ಯ ಮೂಟೆಯನ್ನೊಮ್ಮೆ, ಪ್ರಣೀತಾಳನ್ನೊಮ್ಮೆ ನೋಡಿದ. “ಮಣ್ಣು ಹ್ಯಾಂಗ್ರಿ ಮುಗಿತೈತಿ? ಭೂಮಿ ಹುಟ್ಟಿದಾಗಿಂದ ಐತೆಲ್ರೀ.”

“ಭೂಮಿ ಮೇಲೆ ಡೇಟ್ ಬರೆದಿಲ್ಲ ಕಲ್ಲಯ್ಯಣ್ಣ, ಮೂಟೆ ಮೇಲೆ ಬರೆದಿದೆ,” ಎಂದು ಅವಳು ಸಹಿ ಹಾಕಿಸಿಕೊಂಡು ಒಳಗೆ ಹೋದಳು. ಕಾನೂನಿನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಕಲ್ಲಯ್ಯನ ತಲೆಯಲ್ಲಿ ಆ ಮಾತು ಎಲ್ಲಿಯೂ ಕೂರಲಿಲ್ಲ. ಮಣ್ಣನ್ನು ತೆಗೆದುಕೊಂಡು ಹೋಗಿ ಮಣ್ಣಿನಲ್ಲಿ ಹೂಳುವುದು, ಅದರ ಮೇಲೆ ಮತ್ತೆ ಮಣ್ಣು ಮುಚ್ಚುವುದು. ಇಂಥ ಕೆಲಸಕ್ಕೆ ಸಂಬಳ ತೆಗೆದುಕೊಂಡರೆ ಶಿವ ಮೆಚ್ಚುತ್ತಾನೆಯೇ?

ಅದೂ ಅಲ್ಲದೆ ಬುಧವಾರ ಮಣ್ಣೆತ್ತಿನ ಅಮಾವಾಸ್ಯೆ. ಅವರ ಸೀಮೆಯಲ್ಲಿ ಅಂದು ಕೆರೆಯ ಮಣ್ಣಿನಿಂದ ಜೋಡಿ ಎತ್ತು ಮಾಡಿ ಪೂಜಿಸಿ ಹೋಳಿಗೆ ಎಡೆ ಹಿಡಿಯದ ಮನೆಯಿಲ್ಲ. ಉಡುಪಿಗೆ ಬಂದ ಮೇಲೂ ಅವನ ಹೆಂಡತಿ ರೇಣುಕವ್ವ ಒಂದು ವರ್ಷವೂ ಬಿಟ್ಟವಳಲ್ಲ. ಆದರೆ ಪರ್ಕಳದ ಕೆಂಪು ಜಂಬಿಟ್ಟಿಗೆ ಮಣ್ಣು ಎತ್ತಿಗೆ ಒಗ್ಗುವ ಜಾತಿಯದ್ದಲ್ಲ. ಹೋದ ವರ್ಷ ಒಂದಕ್ಕೆ ಕೊಂಬು ನಿಲ್ಲಲಿಲ್ಲ, ಇನ್ನೊಂದು ಎಡೆ ಹಿಡಿಯುವಾಗಲೇ ಮಂಡಿಯೂರಿ ಮಲಗಿಬಿಟ್ಟಿತು. ಪಕ್ಕದ ಕೋಣೆಯ ಶರಣಮ್ಮ ಬಂದು “ಹಂದಿ ಯಾಕ ಮಾಡೀಯವ್ವ?” ಎಂದು ಕೇಳಿದ್ದಳು. ರೇಣುಕವ್ವ ಆ ಮಾತನ್ನು ಮರೆತಿರಲಿಲ್ಲ, ಗಂಡನಿಗೂ ಮರೆಯಗೊಟ್ಟಿರಲಿಲ್ಲ.

“ಈ ಸಲ ಚಲೋ ಮಣ್ಣು ತರಲಿಲ್ಲಂದ್ರ ನಿಮ್ಮನ್ನ ಮಣಿ ಮ್ಯಾಲ ಕುಂದ್ರಿಸಿ ಪೂಜಿ ಮಾಡ್ತೀನಿ ನೋಡ್ರಿ,” ಎಂದು ಬೆಳಿಗ್ಗೆಯಷ್ಟೇ ಹೇಳಿ ಕಳಿಸಿದ್ದಳು.

ಕಲ್ಲಯ್ಯ ಉಳಿದದ್ದನ್ನೆಲ್ಲ ಪ್ರಾಮಾಣಿಕವಾಗಿ ಹೂಳಿದ. ಎರಡು ಮೂಟೆ ಮಣ್ಣನ್ನೂ, ಅದನ್ನು ಕಲಸಲು ನೀರು ಬೇಕಲ್ಲ ಎಂದು ಅವಧಿ ಮುಗಿದ ಒಂದು ಕ್ಯಾನು ಗುಲಾಬಿ ನೀರನ್ನೂ ರಿಕ್ಷಾದಲ್ಲಿ ಹಾಕಿಕೊಂಡು ಮನೆಗೆ ಹೋದ. ಗೋಡೌನ್ ಇನ್‌ಚಾರ್ಜ್ ಆದವನಿಗೆ ಅಷ್ಟು ಅಧಿಕಾರವಿಲ್ಲವೇ?

ಆ ಸಂಜೆ ಮಳೆ ಬಿಟ್ಟಿತ್ತು. ಕೋಣೆಯ ಮುಂದಿನ ಜಗಲಿಯಲ್ಲಿ ಕಲ್ಲಯ್ಯ ಮಣ್ಣು ಕಲಸಲು ಕುಳಿತ. ಎಂಥಾ ಮಣ್ಣು ಅದು! ಬೆರಳಿಗೆ ಅಂಟುತ್ತಿರಲಿಲ್ಲ, ಬೆರಳನ್ನು ಬಿಡುತ್ತಲೂ ಇರಲಿಲ್ಲ. ಕೊಂಬು ಎಳೆದರೆ ಕೊಂಬಾಗಿ ನಿಂತಿತು. ಕೊರಳಡಿಯ ಗಂಗೆದೊಗಲು ಇಳಿಬಿಟ್ಟರೆ ಇಳಿಯಿತು. ಅವನು ಏನೂ ಮಾಡುತ್ತಿಲ್ಲ, ಒಳಗಿದ್ದ ಎತ್ತುಗಳೇ ಮೈಮುರಿದು ಎದ್ದು ಹೊರಗೆ ಬರುತ್ತಿವೆ ಎಂದು ಅವನಿಗೆ ಅನಿಸಿತು. ಗುಲಾಬಿ ವಾಸನೆ ಜಗಲಿಯಿಂದ ಇಳಿದು ಕೆಳಗಿನ ಗದ್ದೆಯ ತನಕ ಹೋಯಿತು. ಕಲ್ಲಯ್ಯ ಎಷ್ಟು ಹೊತ್ತು ಕುಳಿತಿದ್ದನೋ ಅವನಿಗೇ ತಿಳಿಯದು. ಎಚ್ಚರವಾದಾಗ ಸುತ್ತ ಮೂವತ್ತು ಎತ್ತು ನಿಂತಿದ್ದವು, ಒಂದು ಬಿಳಿ ಒಂದು ಗುಲಾಬಿ, ಒಂದು ಬಿಳಿ ಒಂದು ಗುಲಾಬಿ. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎಂದುಕೊಂಡ.

ಸಾಲಿನ ಎಲ್ಲ ಮನೆಗಳಿಗೂ ಒಂದೊಂದು ಜೋಡಿ ಹೋಯಿತು. ಶರಣಮ್ಮ ಈ ಸಲ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ರೇಣುಕವ್ವನ ಪಾಲಿಗೆ ಹಬ್ಬ ಅಲ್ಲಿಗೇ ಮುಗಿದಂತಾಯಿತು.

ಮರುದಿನ ನೀರಿನ ಟ್ಯಾಂಕಿನ ವಿಷಯದಲ್ಲಿ ಜಗಳವಾಡಲು ಬೇಬಿ ಅಕ್ಕ ಬಂದರು. ಜಗಳಕ್ಕೆ ಮೊದಲು ಒಂದು ಗುಲಾಬಿ ಎತ್ತನ್ನು ಎತ್ತಿಕೊಂಡು ನೋಡಿದರು. ಮೂಸಿದರು. ಅಂಗೈಗೆ ಹತ್ತಿದ ಪುಡಿಯನ್ನು ಉಜ್ಜಿದರು, ತೊಳೆದರು, ಮತ್ತೆ ಅಂಗೈ ಸವರಿಕೊಂಡರು. ಟ್ಯಾಂಕು ಅವರ ತಲೆಯಿಂದಲೇ ಹೋಯಿತು.

“ಇದು ಎಂತ ಮಣ್ಣು ಮಾರಾಯ? ಕೈ ಬೆಣ್ಣೆಯ ಹಾಗೆ ಆಯ್ತಲ್ಲ!”

“ಫ್ರಾನ್ಸ್ ದೇಶದ್ದು ಅಕ್ಕಾರ. ಕಂಪನಿ ಮಾಲು,” ಎಂದ ಇನ್‌ಚಾರ್ಜ್ ಸಾಹೇಬ.

ಬೇಬಿ ಅಕ್ಕನಿಗೆ ಎಲ್ಲ ಅರ್ಥವಾಯಿತು. ತಮ್ಮ ಕರುಣಾಕರ ಹೊಸ ಐಟಂ ತೆಗೆಯುತ್ತಿದ್ದಾನೆ. ಈಗಿನ ಕಾಲದಲ್ಲಿ ಸಾಬೂನನ್ನು ಆನೆಯ ಹಾಗೆ, ಗುಲಾಬಿಯ ಹಾಗೆ ಮಾಡುವುದಿಲ್ಲವೇ, ಹಾಗೆ ಇದು ಎತ್ತಿನ ಆಕಾರದ ಫೇಸ್‌ಪ್ಯಾಕ್. ಸ್ವಂತ ಅಕ್ಕನಿಗೆ ಒಂದು ಮಾತು ಹೇಳಲಿಲ್ಲ ಕಳ್ಳ!

“ನನಗೆ ಒಂದು ಜೋಡಿ ಕೊಡು. ಹೇಗೆ ಉಪಯೋಗಿಸುವುದು?”

ಕಲ್ಲಯ್ಯನ ಕಣ್ಣು ಅರಳಿತು. ಕರಾವಳಿಯವರಿಗೂ ಬಸವಣ್ಣನ ಮೇಲೆ ಭಕ್ತಿ ಹುಟ್ಟಿತಲ್ಲ! “ಅಮಾಸಿ ದಿನಾ ಮುಂಜಾನೆ ಎದ್ದು ಜಳಕಾ ಮಾಡ್ರಿ. ಅರಿಶಿಣ ಹಚ್ರಿ. ಮನಿಯೊಳಗ ಕುಂತು ಸಮಾಧಾನಲೆ ಮಾಡೂದರಿ, ಗಡಿಬಿಡಿ ಮಾಡಬಾರದು.”

“ಅರಿಶಿನವೂ ಹಚ್ಚಬೇಕಾ? ಒಳ್ಳೆಯದೇ. ಮತ್ತೆ?”

“ಆಮ್ಯಾಲ ನೀರಿಗೆ ಬಿಡೂದರಿ. ತಾನ ಕರಗತೈತಿ.”

“ಉಜ್ಜಬೇಕೂಂತ ಇಲ್ಲವಾ?”

“ಛೇ, ಉಜ್ಜೂದ್ಯಾಕರಿ? ಪಾಪ ಬರತೈತಿ.”

ಉಜ್ಜಿದರೆ ಚರ್ಮ ಕೆಂಪಾಗುತ್ತದೆ, ಅದನ್ನೇ ಈ ಬಡಗಣದವರು ಹೀಗೆ ಹೇಳುವುದಿರಬೇಕು ಎಂದು ಬೇಬಿ ಅಕ್ಕ ತಲೆಯಾಡಿಸಿದರು. ಇಬ್ಬರೂ ಪರಮ ಸಂತೋಷದಿಂದ ಬೀಳ್ಕೊಂಡರು.

ಅದೇ ಮಧ್ಯಾಹ್ನ ಬೇಬಿ ಅಕ್ಕ ಎತ್ತಿನ ಫೋಟೊ ತೆಗೆದು ಹೆಂಗಸರ ವಾಟ್ಸಪ್ ಗುಂಪಿಗೆ ಹಾಕಿದರು. ಕಡಿಯಾಳಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಪ್ರೆಸಿಲ್ಲಾ ಪರ್ಕಳದವಳೇ. ಅವಳು ಸ್ಕೂಟರಿನಲ್ಲಿ ಬಂದು ಎತ್ತಿನ ಬಾಲದ ತುದಿಯನ್ನು ಚಿವುಟಿ ನೋಡಿ “ಅಸಲಿ ಮಾಲು” ಎಂದು ತೀರ್ಪು ಕೊಟ್ಟಳು. ಅಷ್ಟು ಸಾಕಾಯಿತು. ಸಂಜೆಯೊಳಗೆ ಕಲ್ಲಯ್ಯನ ಜಗಲಿಯ ಮುಂದೆ ಚಪ್ಪಲಿಗಳ ರಾಶಿ ಬಿತ್ತು. ಯಾರು ಏನು ಕೊಡಲು ಬಂದರೂ ಅವನು ಕೈಯೆತ್ತಿ ನಿರಾಕರಿಸಿದ. “ದೇವರನ್ನ ಮಾರತಾರೇನ್ರಿ?” ಎಂದ. ಹೊಸ ಐಟಂ ಬಂದಾಗ ಸ್ಯಾಂಪಲ್ ಪುಕ್ಕಟೆ ಕೊಡುವುದು ಎಲ್ಲ ಕಂಪನಿಗಳ ಕ್ರಮ ಎಂದು ಹೆಂಗಸರು ತಿಳಿದರು. ಬರಿಗೈಯಲ್ಲಿ ಹೋಗಬಾರದೆಂದು ಒಬ್ಬರು ಪತ್ರೊಡೆ ಇಟ್ಟರು, ಒಬ್ಬರು ಹಲಸಿನಹಣ್ಣಿನ ಗಟ್ಟಿ ಇಟ್ಟರು. ಕಲ್ಲಯ್ಯ ಅವನ್ನೆಲ್ಲ ಭಕ್ತಿಯಿಂದ ಎತ್ತುಗಳ ಮುಂದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ತಾನೇ ತಿಂದ.

“ಎಲ್ಲಾರಿಗೂ ನಮ್ಮ ಹಬ್ಬ ಹಿಡಸೈತಿ ನೋಡು,” ಎಂದು ಹೆಂಡತಿಗೆ ಹೇಳಿದ. ರೇಣುಕವ್ವ ಅನುಮಾನದಿಂದ, “ಒಬ್ಬಾಕಿ ‘ಒಣಾ ಚರ್ಮಕ್ಕ ಬಿಳೀದೋ ಗುಲಾಬೀದೋ’ ಅಂತ ಕೇಳಿದಳಲ್ರೀ?” ಎಂದಳು.

“ಅವ್ರ ತುಳು ಭಾಷಿ ನಿನಗೇನ ತಿಳಿತೈತಿ,” ಎಂದು ಕಲ್ಲಯ್ಯ ಅವಳ ಬಾಯಿ ಮುಚ್ಚಿಸಿದ. ಅವಳು ಕೇಳಿದ್ದು ಕನ್ನಡದಲ್ಲೇ ಆಗಿತ್ತು.

ಅಮಾವಾಸ್ಯೆಯ ದಿನ ಅವನು ಅರ್ಧ ದಿನ ರಜೆ ಹಾಕಿದ. ರೇಣುಕವ್ವ ಮಣೆಯ ಮೇಲೆ ತಮ್ಮ ಜೋಡಿಯನ್ನು ಕೂರಿಸಿ, ಕೊರಳಿಗೆ ಹೂ ಸುತ್ತಿ, ಹೋಳಿಗೆ ಎಡೆ ಹಿಡಿದಳು. ಆಮೇಲೆ ಕಲ್ಲಯ್ಯ ತಟ್ಟೆಯಲ್ಲಿ ಪ್ರಸಾದ ಇಟ್ಟುಕೊಂಡು, ಊರವರ ಪೂಜೆ ಹೇಗೆ ನಡೆದಿದೆ ನೋಡೋಣ ಎಂದು ಓಣಿಗೆ ಇಳಿದ.

ಮಂಜು ಕವಿದಿತ್ತು. ಹನಿಯೂ ಅಲ್ಲದ ಮಳೆಯೂ ಅಲ್ಲದ ಏನೋ ಬೀಳುತ್ತಿತ್ತು. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಬಿಳಿ ಮುಖದ ಹೆಂಗಸು ಕಣ್ಣು ಮುಚ್ಚಿ ಕುಳಿತಿದ್ದಳು. ಎರಡನೆಯ ಮನೆಯಲ್ಲಿ ಗುಲಾಬಿ ಮುಖದವಳು. ಅದರಾಚೆ ಇಬ್ಬರು ಬಿಳಿ ಮುಖದವರು. ಯಾರೂ ಮಾತಾಡಲಿಲ್ಲ, ಅಲುಗಾಡಲಿಲ್ಲ. ಎಲ್ಲೆಡೆ ಗುಲಾಬಿಯ ವಾಸನೆ. ಕಲ್ಲಯ್ಯನಿಗೆ ಮೈ ಜುಮ್ಮೆಂದಿತು. ಪೂಜೆಗೆ ಮೆಚ್ಚಿ ದೇವತೆಗಳೇ ಇಳಿದು ಬಂದು ಪರ್ಕಳದ ಜಗಲಿಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ ಎಂದೇ ಅವನು ನಂಬಿದ. ತಟ್ಟೆ ಹಿಡಿದುಕೊಂಡೇ ಎಲ್ಲರಿಗೂ ನಮಸ್ಕರಿಸುತ್ತ ನಡೆದ. ದೇವತೆಗಳು ತುಟಿ ಅಲುಗಿಸದೆ ಕೈ ಬೀಸಿದರು.

ಕೊನೆಯದು ಬೇಬಿ ಅಕ್ಕನ ಮನೆ. ಅಲ್ಲಿ ಇಬ್ಬರು ದೇವತೆಗಳಿದ್ದರು. ಬೇಬಿ ಅಕ್ಕನಂತೆ ನೈಟಿ ಹಾಕಿದ ಗುಲಾಬಿ ದೇವತೆ, ಅವರ ಪಕ್ಕ ಎರಡೂ ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡ ಬಿಳಿ ದೇವತೆ. ನಡುವೆ ಸ್ಟೀಲ್ ಬಟ್ಟಲಿನಲ್ಲಿ ಒಂದು ಎತ್ತು ಇತ್ತು. ಅರ್ಧ ಎತ್ತು. ಅದಕ್ಕೆ ತಲೆಯಿರಲಿಲ್ಲ, ಬೆನ್ನನ್ನು ಯಾರೋ ಚಮಚದಿಂದ ಕೆರೆದಿದ್ದರು.

“ಅಕ್ಕಾರ... ಬಸವಣ್ಣನ ತಲಿ ಎಲ್ಲರಿ?”

ಬೇಬಿ ಅಕ್ಕ ಒಣಗಿದ ಮುಖವನ್ನು ಬಿರಿಯಗೊಡದೆ, ಬೆರಳಿನಿಂದ ತಮ್ಮ ಎಡಗೆನ್ನೆಯನ್ನು ತೋರಿಸಿದರು.

ಕಲ್ಲಯ್ಯನ ಕೈಯಿಂದ ತಟ್ಟೆ ಬಿತ್ತು. ಅವನು ಏನಾದರೂ ಹೇಳುವ ಮೊದಲೇ ಅಂಗಳಕ್ಕೆ ಒಂದು ಕಾರು ಬಂದು ನಿಂತಿತು.

ಅಂದು ಬೆಳಿಗ್ಗೆ ಫ್ಯಾಕ್ಟರಿಯ ತಪಾಸಣೆ ಚೆನ್ನಾಗಿಯೇ ಮುಗಿದಿತ್ತು. ಇನ್ಸ್‌ಪೆಕ್ಟರ್ ಅಲೆಕ್ಸಾಂಡರ್ ಕಾಪು ಕಡೆಯವರು, ಮಾತು ಕಡಿಮೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಗೂ ತಾರೀಕಿನ ಚೀಟಿ ಅಂಟಿಸಿದ್ದಾರೆ ಎಂದು ಪ್ರತೀತಿ. ಅವರು ಮುಂದೆ ಕಾರ್ಕಳಕ್ಕೆ ಹೋಗುವವರಿದ್ದರು. ದಾರಿಯಲ್ಲೇ ಅಕ್ಕನ ಮನೆ, ಒಂದು ಕಾಫಿ ಕುಡಿದು ಹೋಗಿ ಎಂದು ಕರುಣಾಕರರು ಒತ್ತಾಯ ಮಾಡಿ ಕರೆತಂದಿದ್ದರು. ಫೈಲು ಹಿಡಿದು ಪ್ರಣೀತಾಳೂ ಬಂದಿದ್ದಳು.

ಕರುಣಾಕರರು ಅಕ್ಕನ ಮುಖ ನೋಡಿ ನಿಂತರು. “ಉಂದು ದಾನೆ ಅಕ್ಕ?” ಎಂದರು. ಇದೇನಕ್ಕ ಎಂದು ತುಳುವಿನಲ್ಲಿ ಕೇಳಿದ್ದು ಅಷ್ಟೇ. ಆಮೇಲೆ ಅವರು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಅಲೆಕ್ಸಾಂಡರ್ ಮುಖ ನೋಡಲಿಲ್ಲ. ಅವರು ಶೂ ಒರೆಸಲು ಕೆಳಗೆ ನೋಡಿದ್ದರು. ಕಾಲೊರಸಿಗೆ ಒಳ್ಳೆಯದೆಂದು ಬೇಬಿ ಅಕ್ಕ ಕಲ್ಲಯ್ಯನಿಂದ ಕೇಳಿ ತಂದ, ಮಣ್ಣಿನ ಮೂಟೆಯ ಖಾಲಿ ಚೀಲ ಮೆಟ್ಟಿಲ ಮೇಲೆ ಅಂಗಾತ ಮಲಗಿತ್ತು. ಅದರ ಮೇಲೆ ಬ್ಯಾಚ್ ನಂಬರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಮಾರ್ಚ್ ತಿಂಗಳು.

“ಇದನ್ನು ನಾಶ ಮಾಡಿದ್ದೇವೆ ಎಂದು ನಾನು ಈಗಷ್ಟೇ ಓದಿದೆನಲ್ಲ,” ಎಂದರು ಅಲೆಕ್ಸಾಂಡರ್ ಶಾಂತವಾಗಿ.

ಪ್ರಣೀತಾ ಕಲ್ಲಯ್ಯನ ಕಡೆ ನೋಡಿದಳು. ಕಲ್ಲಯ್ಯ ಎತ್ತಿನ ಕಡೆ ನೋಡಿದ. ಅಷ್ಟರಲ್ಲಿ ಬೇಬಿ ಅಕ್ಕನಿಗೆ ಮುಖ ತುರಿಸತೊಡಗಿತು. ಪ್ರಣೀತಾ ಓಡಿಹೋಗಿ ನೀರು ತಂದು ತೊಳೆಸಿದಳು. ಗದ್ದದ ಮೇಲೆ, ಹಣೆಯ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳು. “ಕಲಸಿದ್ದು ಎಂತದ್ರಲ್ಲಿ?” ಎಂದು ಕೇಳಿದಳು. ಕಲ್ಲಯ್ಯ ಗುಲಾಬಿ ನೀರಿನ ಕ್ಯಾನಿನ ಹೆಸರು ಹೇಳಿದ. ಪ್ರಣೀತಾ ಹಣೆ ಚಚ್ಚಿಕೊಂಡಳು. “ಅದರಲ್ಲಿ ಎಂತ ಎಂತ ಬೆಳೆದಿದೆಯೋ! ನಾಳೆಗೆ ಕಡಿಮೆ ಆಗ್ತದೆ ಅಕ್ಕ, ಹೆದರಬೇಡಿ. ಎಲ್ಲರಿಗೂ ಈಗಲೇ ತೊಳೆಯಲಿಕ್ಕೆ ಹೇಳಿ.”

ಸುದ್ದಿ ಹರಡಿ ಓಣಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದರು, ಅರ್ಧ ತೊಳೆದವರು, ತೊಳೆಯದೇ ಇದ್ದವರು, ತೊಳೆಯಲು ಮನಸ್ಸಾಗದವರು. ರೇಣುಕವ್ವನೂ ಬಂದಳು. ಅಲೆಕ್ಸಾಂಡರ್ ಕುರ್ಚಿಯಲ್ಲಿ ಕುಳಿತು ಪೆನ್ನು ತೆಗೆದರು.

“ನೋಡಿ, ಕಾನೂನು ಸರಳ ಉಂಟು. ಮನುಷ್ಯರ ಮೈಗೆ ಹಚ್ಚಿದ್ದಾದರೆ ಇದು ಕಾಸ್ಮೆಟಿಕ್. ಲೈಸೆನ್ಸ್ ಇಲ್ಲದೆ, ಅವಧಿ ಮುಗಿದ ಮಾಲಿನಿಂದ ತಯಾರಿ ಮಾಡಿ ಹಂಚಿದ್ದು. ಫ್ಯಾಕ್ಟರಿಗೆ ಬೀಗ, ಈ ಜನದ ಮೇಲೆ ಕೇಸು. ಪೂಜೆಗೆ ಮಾಡಿದ್ದಾದರೆ ಅದು ನನ್ನ ಇಲಾಖೆ ಅಲ್ಲ.” ಅವರು ಕಲ್ಲಯ್ಯನತ್ತ ತಿರುಗಿದರು. “ಎಂತಕ್ಕೆ ಮಾಡಿದ್ದು?”

“ಪೂಜಿಗಿ ಸಾಹೇಬ್ರ. ಬಸವಣ್ಣನಾಣೆ.”

“ಎಂತಕ್ಕೆ ಉಪಯೋಗಿಸಿದ್ದು?” ಎಂದು ಅವರು ಹೆಂಗಸರನ್ನು ಕೇಳಿದರು.

ಕರುಣಾಕರರು ಬೆವರುತ್ತಿದ್ದರು. ಕಲ್ಲಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೆಲಸ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಪರ್ಕಳ ಹೋಗುತ್ತದೆ. ಜೈಲಿನ ಗೇಟಿನಲ್ಲಿ ಯಾವ ವಾಸನೆ ಬರುತ್ತದೋ ಯಾರಿಗೆ ಗೊತ್ತು. ಅವನು ಬೇಬಿ ಅಕ್ಕನನ್ನು ನೋಡಿದ. ಬೇಬಿ ಅಕ್ಕ ಗುಳ್ಳೆ ಎದ್ದ ಗದ್ದ ಮುಟ್ಟಿಕೊಂಡು ಅವನನ್ನು ನೋಡಿದರು. ಆ ನೋಟದಲ್ಲಿ ಕ್ಷಮೆಯ ಗುರುತೇನೂ ಇರಲಿಲ್ಲ. ಆಮೇಲೆ ಅವರ ಕಣ್ಣು, ಬಿದ್ದ ತಟ್ಟೆಯಿಂದ ಚೆಲ್ಲಿದ ಹೋಳಿಗೆಯ ಮೇಲೆ ಹೋಯಿತು. ತಮ್ಮ ಮನೆಗೆಂದು ತಂದದ್ದು. ಅವರು ಸೆರಗು ಇಲ್ಲದ ನೈಟಿಯಲ್ಲೇ ಸೆರಗು ಸರಿಪಡಿಸಿಕೊಂಡಂತೆ ಮಾಡಿ ಎದ್ದು ನಿಂತರು.

“ಪೂಜೆಗೆ. ಮತ್ತೆಂತಕ್ಕೆ?”

“ಹಾಗಾದರೆ ಮುಖಕ್ಕೆ ಬಂದದ್ದು ಹೇಗೆ?”

“ನಮಸ್ಕಾರ ಮಾಡುವಾಗ ತಾಗಿತು.”

“ಕಿವಿಯ ಹಿಂದೆ?”

“ಅಡ್ಡಬಿದ್ದು ಆ ಕಡೆ ಈ ಕಡೆ ಹೊರಳಿ ಮಾಡಬೇಕು. ಅದು ಕ್ರಮ.”

“ಕಣ್ಣಿನ ಸುತ್ತ ಮಾತ್ರ ಬಿಟ್ಟು?”

“ದೇವರನ್ನು ನೋಡಬೇಡವಾ ಮಾರಾಯ್ರೆ?”

ಅಲೆಕ್ಸಾಂಡರ್ ಉಳಿದವರತ್ತ ನೋಡಿದರು. “ನಮಗೂ ತಾಗಿತು,” ಎಂದಿತು ಅಂಗಳ ಒಕ್ಕೊರಲಿನಿಂದ. ಅವರ ನೋಟ ಪ್ರೆಸಿಲ್ಲಾಳ ಮೇಲೆ ನಿಂತಿತು. ಅವಳ ಒಂದು ಕಣ್ಣಿನ ಮೇಲೆ ಬಿಲ್ಲೆ ಇನ್ನೂ ಅಂಟಿಕೊಂಡಿತ್ತು.

“ಪ್ರೆಸಿಲ್ಲಾ ಬಾಯಿ, ನೀವು ಭಾನುವಾರ ಇಗರ್ಜಿಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಕೂರುವವರಲ್ವಾ?”

“ಹೌದು. ಆದ್ರೆ ನನಗೆ ಎತ್ತು ಅಂದ್ರೆ ಸಣ್ಣಾಗಿರುವಾಗಿಂದ ಗೌರವ.”

“ಸೌತೆಕಾಯಿ?”

“ನೈವೇದ್ಯ,” ಎಂದು ಪ್ರೆಸಿಲ್ಲಾ ಬಿಲ್ಲೆಯನ್ನು ತೆಗೆದು ತಿಂದೇಬಿಟ್ಟಳು.

ಇನ್ಸ್‌ಪೆಕ್ಟರರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಭಕ್ತಿಯ ವಿಷಯ ನಾನು ಮಾತಾಡುವುದಿಲ್ಲ,” ಎಂದರು ಕೊನೆಗೆ. “ಆದರೆ ರಿಜಿಸ್ಟರ್‌ನಲ್ಲಿ ನಾಶವಾಗಿದೆ ಎಂದು ಉಂಟು. ಇಲ್ಲಿ ನಾಶವಾಗಿಲ್ಲ.”

ಕಲ್ಲಯ್ಯನಿಗೆ ಜೀವ ಬಂತು. “ನಾಶ ಆಕ್ಕಾವರಿ ಸಾಹೇಬ್ರ! ಮಣ್ಣೆತ್ತನ್ನ ನೀರಿಗೆ ಬಿಡೂದ ಪದ್ಧತಿ. ಒಂದ ಹಿಡಿ ಉಳಿಯೂದಿಲ್ಲ.”

“ಹಾಗಾದರೆ ಈಗಲೇ ಬಿಡಿ. ನಾನು ಕಣ್ಣಾರೆ ನೋಡಿ ಬರೆಯುತ್ತೇನೆ.”

“ಈಗ?” ಎಂದು ರೇಣುಕವ್ವ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. “ಮುಂಜಾನೆ ಕುಂದ್ರಿಸಿದ ದೇವ್ರನ್ನ ಮಧ್ಯಾಹ್ನಕ್ಕ ಎಬ್ಬಸ್ತಾರೇನ್ರಿ? ಈಗಷ್ಟ ಊಟಾ ಮಾಡ್ಯಾವು. ನಾಳಿ ಮುಂಜಾನೆ ಆಗೂಮಟಾ ಒಬ್ರೂ ಮುಟ್ಟಂಗಿಲ್ಲ. ಬೇಕಾದ್ರ ನಮ್ಮನಿಯವರನ್ನ ಹಿಡಕೊಂಡು ಹೋಗ್ರಿ.”

ಕಲ್ಲಯ್ಯ ಹೆಂಡತಿಯ ಕಡೆ ಗಾಬರಿಯಿಂದ ನೋಡಿದ. ಅಲೆಕ್ಸಾಂಡರ್ ಎದ್ದು ಆರನೆಯ ಕೋಣೆಯ ತನಕ ನಡೆದುಹೋದರು. ಬಾಗಿಲಲ್ಲಿ ನಿಂತರು. ಸಣ್ಣ ದೀಪದ ಬೆಳಕಿನಲ್ಲಿ ಬಿಳಿ ಎತ್ತು, ಗುಲಾಬಿ ಎತ್ತು, ಕೊರಳಲ್ಲಿ ಹೂ, ಮುಂದೆ ತುಪ್ಪದ ಹೋಳಿಗೆ. ಕೋಣೆಯ ತುಂಬ ಗುಲಾಬಿಯ ಗಾಳಿ. ಅವರು ಒಳಗೆ ಮೂಗು ಚಾಚಿದರು, ಒಮ್ಮೆ ಉಸಿರೆಳೆದರು, ಇನ್ನೊಮ್ಮೆ ಎಳೆದರು. ಕಣ್ಣು ಅರೆಮುಚ್ಚಿದವು. ಆ ಹೊತ್ತಿನಲ್ಲಿ ಅವರು ಎಲ್ಲಿದ್ದರೋ ಗೊತ್ತಿಲ್ಲ, ಪರ್ಕಳದಲ್ಲಂತೂ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಅವಧಿ ಮುಗಿದ ಮಾಲಿಗೆ ಅರ್ಧ ಗಂಟೆಯ ರಿಯಾಯಿತಿಯನ್ನೂ ಕೊಟ್ಟವರಲ್ಲ ಅವರು.

“ನಾಳೆಯೂ ನನಗೆ ಕಾರ್ಕಳದಲ್ಲಿ ಕೆಲಸ ಉಂಟು,” ಎಂದರು ಹೊರಗೆ ಬಂದು. “ಏಳು ಗಂಟೆಗೆ ಬರುತ್ತೇನೆ. ವರದಿ ಅಲ್ಲಿಯ ತನಕ ಬರೆಯುವುದಿಲ್ಲ.” ರೇಣುಕವ್ವ ಎರಡು ಹೋಳಿಗೆ ಕೊಟ್ಟಳು. ಅವರು ತಾರೀಕು ಕೇಳದೆ ತಿಂದರು.

ಮರುದಿನ ಏಳಕ್ಕೆ ಪರ್ಕಳದಲ್ಲಿ ಒಂದು ವಿಚಿತ್ರ ಮೆರವಣಿಗೆ ಹೊರಟಿತು. ಎಲ್ಲಕ್ಕಿಂತ ಮುಂದೆ ಕೊಡೆ ಹಿಡಿದ ಅಲೆಕ್ಸಾಂಡರ್, ಅವರ ಹಿಂದೆ ಎತ್ತುಗಳ ಲೆಕ್ಕದ ಪಟ್ಟಿ ಹಿಡಿದ ಪ್ರಣೀತಾ, ಆಮೇಲೆ ಬಾಳೆಲೆಯಲ್ಲಿ ತಲೆಯಿಲ್ಲದ, ಬೆನ್ನಿಲ್ಲದ, ಕಾಲಿಲ್ಲದ ಎತ್ತುಗಳನ್ನು ಹೊತ್ತ ಹೆಂಗಸರು. ಬೇಬಿ ಅಕ್ಕನ ಗುಳ್ಳೆ ಇಳಿದಿತ್ತು. ಕರುಣಾಕರರು ಮಾತ್ರ ಕಾರಿನಲ್ಲೇ ಕುಳಿತು ದೂರದಿಂದ ಕೈಮುಗಿದರು. ಕೊನೆಯಲ್ಲಿ, ಗಾಯವಾಗದ ಎತ್ತುಗಳನ್ನು ಹಿಡಿದ ಕೋಣೆಸಾಲಿನವರ ಹಿಂದೆ, ಕಲ್ಲಯ್ಯ ತನ್ನ ಜೋಡಿಯನ್ನು ಎದೆಗವಚಿಕೊಂಡು ಬಂದ.

ಕೆಳಗೆ ಬೇಬಿ ಅಕ್ಕನ ಗದ್ದೆ. ಹಿಂದಿನ ವಾರವಷ್ಟೇ ಟಿಲ್ಲರ್ ಓಡಿಸಿ ನೀರು ನಿಲ್ಲಿಸಿದ್ದರು. ಅದರಂಚಿನಲ್ಲಿ ಹರಿಯುವ ತೋಡಿನಲ್ಲಿ ಒಂದೊಂದಾಗಿ ಎತ್ತುಗಳು ಮುಳುಗಿದವು. ನೀರು ಹಾಲಾಯಿತು, ಆಮೇಲೆ ಗುಲಾಬಿಯಾಯಿತು. ಹೆಂಗಸರು ಈಗ ನಿಜವಾಗಿಯೂ ಕೈಮುಗಿದರು. ಪ್ರಣೀತಾ ಒಂದೊಂದಕ್ಕೂ ಗೀಟು ಎಳೆದುಕೊಂಡಳು.

“ಇನ್ನು ನಿನ್ನದು,” ಎಂದರು ಅಲೆಕ್ಸಾಂಡರ್ ಗಡಿಯಾರ ನೋಡಿ.

ಕಲ್ಲಯ್ಯ ಅಲುಗಲಿಲ್ಲ. ಅವನಿಗೆ ದುಃಖ ಒತ್ತರಿಸಿ ಬಂದಿತ್ತು. ಅದನ್ನು ಮರೆಮಾಡಲು ಅವನಿಗೆ ತೋಚಲೂ ಇಲ್ಲ. “ಸಾಹೇಬ್ರ, ಇವು ಇನ್ನ ಒಂದ ಸಾಲು ಸೈತ ಹೊಡದಿಲ್ಲರಿ,” ಎಂದ. “ನಾನೂ ಹೊಡದಿಲ್ಲ.”

ಅಲೆಕ್ಸಾಂಡರ್ ಗದ್ದೆಯನ್ನು ನೋಡಿದರು, ಅವನನ್ನು ನೋಡಿದರು, ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು.

ಕಲ್ಲಯ್ಯ ಪ್ಯಾಂಟು ಮಡಚಿ ಗದ್ದೆಗೆ ಇಳಿದ. ಮೊಣಕಾಲೂರಿ, ಎರಡು ಕೈಯಲ್ಲಿ ಎರಡು ಎತ್ತು ಹಿಡಿದು, ಕೆಸರಿನ ಮೇಲೆ ಮೆಲ್ಲನೆ ದೂಡಿದ. “ಹೋ... ಹೋ...” ಎಂದ. ಹಿಂದೆ ಒಂದು ಸಾಲು ಮೂಡಿತು, ಬೆರಳಗಲದ್ದು, ಆದರೆ ನೇರವಾದ ಸಾಲು. ಒಂದು ಮಾರು ಹೋಗುವಷ್ಟರಲ್ಲಿ ಕಾಲುಗಳು ಕರಗಿದವು. ಎರಡು ಮಾರು ಹೋಗುವಷ್ಟರಲ್ಲಿ ಹೊಟ್ಟೆ, ಗಂಗೆದೊಗಲು ಕರಗಿ ಹೂವಿನ ಸರ ಕೆಸರಿಗೆ ಜಾರಿತು. ಮಳೆ ಜೋರಾಯಿತು. ಕೊಂಬುಗಳು ಕೊನೆಗೆ ಹೋದವು. ಅಲೆಕ್ಸಾಂಡರ್ ಅಂಚಿನಲ್ಲಿ ನಿಂತು ಕಾದರು. ಇನ್ನು ಬಿಳಿಯೂ ಇಲ್ಲ, ಗುಲಾಬಿಯೂ ಇಲ್ಲ ಎಂದು ಖಚಿತವಾದ ಮೇಲೆ ಪೆನ್ನು ತೆಗೆದರು.

“ಮುಗಿಯಿತಲ್ಲ ಕಲ್ಲಯ್ಯ?” ಎಂದು ಕೂಗಿ ಕೇಳಿದರು.

ಕಲ್ಲಯ್ಯ ಬರಿಯ ಎರಡು ಮುಷ್ಟಿಗಳನ್ನು ಕೆಸರಿನಲ್ಲಿ ಮುಂದಕ್ಕೆ ದೂಡುತ್ತಲೇ, ತಿರುಗಿ ನೋಡದೆ ಹೇಳಿದ:

“ಇಲ್ಲರಿ ಸಾಹೇಬ್ರ, ಇನ್ನ ಅರ್ಧಾ ಹೊಲ ಐತಿ.”